"ಈಗ ಏನ್ ಓದ್ಲತ್ತೀರಿ?" ದೋಸ್ತರ ಜೊತಿ ಓದು ಹಂಚ್ಕೊಳ್ಳೋ ಗ್ರೂಪ್ ಕಟ್ಟೋದು ಹೆಂಗ, ಕಲಬುರಗಿ ಕಡಿ ಮಂದಿಗೆ ಸಮಗ್ರ ಮಾರ್ಗದರ್ಶಿ

ಪುಸ್ತಕ ಓದಿ ಮುಗ್ಸಿದವರಿಗೆ ಹೆಂಗದ ಅಂತ ಕೇಳ್ರಿ, "ಛಲೋ ಅದ, ನೀವೂ ಓದ್ರಿ" ಅಂತಾರ, ಅಲ್ಲಿಗೆ ಮಾತು ಖತಂ. ಅದೇ ಮನುಷ್ಯಾಗ ನಡು ಪುಸ್ತಕದಾಗ ಇದ್ದಾಗ ಕೇಳಿ ನೋಡ್ರಿ, "ಈ ಮುದುಕಿ ಹೊಲ ಮಾರ್ತಾಳೋ ಇಲ್ಲೋ ತಿಳಿವಲ್ದು, ಮಗಾ ಅಂತೂ ಸಹಿ ಮಾಡ್ಸ್ಕೊಳ್ಳಾಕ ಕುಂತಾನ" ಅಂತ ಹತ್ತ್ ನಿಮಿಷ ಬಿಡದೇ ಹೇಳ್ತಾನ, ಕೇಳೋರಿಗೂ ಆ ಮುದುಕಿ ಚಿಂತಿ ಹತ್ಕೊಂತದ. ಅದಕ್ಕೇ ನಾ ಹೇಳೋದು ಇಷ್ಟೇ, ದೋಸ್ತರೊಳಗ ಓದಿನ ಮಾತು ನಡೀಬೇಕಂದ್ರ ಅರ್ಧಾ ಓದಿದ್ದನ್ನ ಹಂಚ್ಕೋರಿ. ವರ್ಷಕ್ಕ ಇಷ್ಟ್ ಪುಸ್ತಕ ಮುಗ್ಸಿದೆ ಅನ್ನೋ ಲೆಕ್ಕ, ಓದಲೇಬೇಕಾದ ಹತ್ತು ಪುಸ್ತಕ ಅನ್ನೋ ಪಟ್ಟಿ, ಇವು ಯಾವ್ದೂ ಮಂದಿನ ಕೂಡ್ಸಂಗಿಲ್ಲ. ಈಗ ಕೈಯಾಗ ಇರೋ ಪುಸ್ತಕ, ಈಗ ಇರೋ ಪುಟ, ಅದರಾಗ ತಲಿಗೆ ಹತ್ತಿದ್ದು ಒಂದು ಮಾತು, ಇಷ್ಟು ಸಾಕು.

ಇದು ಕಲಬುರಗಿ, ಬೀದರ್, ಯಾದಗಿರಿ ಕಡಿ ನಾಕ್ ಮಂದಿ ದೋಸ್ತರು ಸೇರಿ ಮಾಡೋದು ಹೆಂಗ ಅಂತ ಒಂದೊಂದೇ ಹೇಳ್ತೀನಿ.

ಮೊದಲ ಮಂದಿ ಆರಿಸ್ರಿ

ಐದರಿಂದ ಎಂಟೊಂಬತ್ತು ಮಂದಿ ಇದ್ರ ಭಾಳ ಆಯ್ತು. ಐದಕ್ಕಿಂತ ಕಮ್ಮಿ ಆದ್ರ ಇಬ್ಬರು ಊರಿಗೆ ಹೋದ್ರೂ ಗ್ರೂಪ್ ಖಾಲಿ ಖಾಲಿ ಅನಸ್ತದ, ಹದಿನೈದರ ಮ್ಯಾಲ ಹೋದ್ರ ಮಾತಾಡೋರು ಮೂರೇ ಮಂದಿ, ಉಳಿದವರು ಸುಮ್ನ ನೋಡ್ಕೋತ ಕುಂದ್ರತಾರ. ಎಲ್ಲಾರೂ ಒಂದೇ ನಮೂನಿ ಓದೋರು ಇರೋದು ಬ್ಯಾಡ. ಕಾದಂಬರಿ ಓದೋರು ಇರ್ಲಿ, ಕವಿತಾ ಓದೋರು ಇರ್ಲಿ, ಪರೀಕ್ಷಾಕ್ಕ ಓದೋರು ಒಬ್ಬರು ಬೇಕೇ ಬೇಕು (ಅವರ ಬಗ್ಗೆ ಮುಂದ ಹೇಳ್ತೀನಿ), ಉರ್ದುನೋ ಮರಾಠಿನೋ ಓದೋರು ಸಿಕ್ರಂತೂ ಕೈ ಬಿಡಬ್ಯಾಡ್ರಿ. ಭಾಳ ಸಾವಕಾಶ ಓದೋರು ಒಬ್ಬರು ಇರಬೇಕು, ಒಂದೇ ಪುಸ್ತಕ ಎರಡು ತಿಂಗಳ ಹಿಡ್ಕೊಂಡು ಕುಂದ್ರೋರು, ಅವರು ಹೇಳೋ ಮಾತಿನಾಗ ಇರೋ ಆಳ ವಾರಕ್ಕೊಂದು ಮುಗ್ಸೋರ ಕಡಿ ಸಿಗೋದು ಕಷ್ಟ.

ಹೇಳ್ದೇ ಕೇಳ್ದೇ ನಂಬರ್ ಆ್ಯಡ್ ಮಾಡಬ್ಯಾಡ್ರಿ. ಫೋನ್ ಹಚ್ಚಿ "ಅಣ್ಣಾ, ಹಿಂಗೊಂದು ಮಾಡ್ಲತ್ತೀವಿ, ನೀವೂ ಬರ್ತೀರೇನು" ಅಂತ ಕೇಳ್ರಿ. ನಿಮಗ ಕಲಿಸಿದ ಸರ್ ಅಥವಾ ಆಫೀಸಿನ ಸಾಹೇಬ್ರನ್ನ ಕಾಯಂ ಮೆಂಬರ್ ಮಾಡೋದು ಬ್ಯಾಡ ಅಂತ ನನ್ನ ಅಭಿಪ್ರಾಯ, ಅವರು ಕೆಟ್ಟವರು ಅಂತಲ್ಲ, ಸರ್ ಮುಂದ ನಮ್ ಮಂದಿ ಪರೀಕ್ಷಾದಾಗ ಉತ್ತರ ಬರ್ದಂಗ ಮಾತಾಡ್ತಾರ, "ನನಗ ಇದು ತಿಳಿಲಿಲ್ಲ" ಅಂತ ಯಾರೂ ಬಾಯಿ ಬಿಡಂಗಿಲ್ಲ. ತಿಂಗಳ ಭೆಟ್ಟಿಗೆ ಒಮ್ಮೊಮ್ಮೆ ಕರೀರಿ, ಖುಷಿಲೇ ಬರ್ತಾರ.

ವಾಟ್ಸಾಪ್ ಗ್ರೂಪಿನ ಸೆಟ್ಟಿಂಗ್

ಹೊಸ ಆಪ್ ಏನೂ ಬ್ಯಾಡ, ಎಲ್ಲಾರ ಫೋನಿನಾಗ ಇರೋದೇ ವಾಟ್ಸಾಪ್, ಅದರಾಗೇ ಮಾಡ್ರಿ. ಗ್ರೂಪಿನ ಹೆಸರೇ "ಈಗ ಏನ್ ಓದ್ಲತ್ತೀರಿ" ಅಂತ ಇಡ್ರಿ, ತೆರದಾಗೊಮ್ಮೆ ಪ್ರಶ್ನಿ ಕಣ್ಣಿಗೆ ಬೀಳ್ತದ. ಗುಡ್ ಮಾರ್ನಿಂಗ್ ಫೋಟೋ, ಹಬ್ಬದ ಶುಭಾಶಯ, ರಾಜಕೀಯದ ಫಾರ್ವರ್ಡ್, ಜಾಗಾ ಮಾರಾಟಕ್ಕ ಅದ ಅನ್ನೋವು, ಇವೆಲ್ಲ ಬ್ಯಾಡ ಅಂತ ಡಿಸ್ಕ್ರಿಪ್ಶನ್ ಒಳಗ ಮೊದಲೇ ಬರ್ದು ಬಿಡ್ರಿ, ಆಮ್ಯಾಲ ಹೇಳಿದ್ರ ಮಂದಿಗೆ ಸಿಟ್ಟು ಬರ್ತದ. ಅಡ್ಮಿನ್ ಇಬ್ಬರು ಇರ್ಲಿ.

ತಾನಾಗೇ ಅಳಿಸಿ ಹೋಗೋ ಮೆಸೇಜ್ ಆಪ್ಶನ್ ಬಂದ್ ಇಡ್ರಿ, ಯಾಕಂದ್ರ ಆರು ತಿಂಗಳ ಹಿಂದ ಯಾರೋ ಹೇಳಿದ ಪುಸ್ತಕ ಇವತ್ತು ಹುಡುಕಬೇಕಾಗ್ತದ. ಹುಡುಕಲಿಕ್ಕೆ ಹಗುರ ಆಗ್ಲಿ ಅಂತ ಒಂದು ರೂಢಿ ಮಾಡ್ಕೋರಿ, ಪುಸ್ತಕದ ಮೆಸೇಜ್ ಎಲ್ಲಾ "ಓದು:" ಅನ್ನೋ ಶಬ್ದದಿಂದ ಸುರು ಆಗ್ಲಿ. ಸರ್ಚ್ ಒಳಗ ಆ ಶಬ್ದ ಹಾಕಿದ್ರ ಪೂರಾ ವರ್ಷದ ಪಟ್ಟಿ ಬರ್ತದ, ಯಾರೂ ಕುಂತು ಎಕ್ಸೆಲ್ ಮಾಡೋ ಜರೂರಿಲ್ಲ. ಮತ್ ವಾರಕ್ಕೊಂದು ದಿನ ಗೊತ್ತ್ ಮಾಡ್ರಿ, ಐತವಾರ ರಾತ್ರಿ ಊಟ ಆದ ಮ್ಯಾಲ ಅಂದ್ರ ಬಹಳಷ್ಟ್ ಮಂದಿಗೆ ಅನುಕೂಲ. ನಡುವ ಯಾವಾಗ ಬೇಕಾದ್ರೂ ಬರೀಬಹುದು, ಐತವಾರ ಮಾತ್ರ ಎಲ್ಲಾರೂ ಒಂದ್ ಸಾಲು ಹಾಕ್ಬೇಕು.

ಏನು ಹೇಳ್ಬೇಕು, ಎಷ್ಟ್ ಹೇಳ್ಬೇಕು

ಇಡೀ ಗ್ರೂಪ್ ನಿಂತಿರೋದು ಇದರ ಮ್ಯಾಲೇ. ಪುಸ್ತಕದ ಹೆಸರು ಮತ್ತ ಬರ್ದವರ ಹೆಸರು, ಈಗ ಎಷ್ಟನೇ ಪುಟ, ಈ ವಾರ ಓದಿದ್ದರಾಗ ಮನಸಿಗೆ ಹತ್ತಿದ್ದು ಒಂದೇ ಒಂದು. ಬೇಕಂದ್ರ ಕಡಿಗೆ ಒಂದು ಪ್ರಶ್ನಿ. ಕಥಿ ಸಾರಾಂಶ ಬರೀಬ್ಯಾಡ್ರಿ, ಅದು ಪುಸ್ತಕದ ಹಿಂದಿನ ರಟ್ಟಿನ ಮ್ಯಾಲೇ ಇರ್ತದ.

ಒಂದು ಮೆಸೇಜ್ ಹೆಂಗ ಇರಬೇಕು ಅಂದ್ರ, ಪುಸ್ತಕ ಮತ್ತ ಲೇಖಕರ ಹೆಸರು ಹಾಕಿದ ಮ್ಯಾಲ ಹಿಂಗ: "112ನೇ ಪುಟ. ಅವ್ವ ಮಗಳು ಎರಡು ದಿನದಿಂದ ಮಾತಾಡಿಲ್ಲ, ಆದ್ರ ರೊಟ್ಟಿ ಬಡಿಯೋ ಮುಂದ ಅವ್ವ ಕೈ ಚಾಚಿದ್ ಕೂಡ್ಲೆ ಮಗಳು ಹಿಟ್ಟಿನ ಮುದ್ದಿ ಕೊಡ್ತಾಳ, ಒಂದು ಶಬ್ದ ಇಲ್ಲ. ನಾಕೇ ಸಾಲು, ಎರಡು ಸಲ ಓದ್ದೆ. ನಿಮ್ ಮನ್ಯಾಗ ಜಗಳ ಆದಾಗ ಮೊದಲ ಮಾತು ಯಾರು ಆಡ್ತಾರ?" ನೋಡ್ರಿ, ಆ ಕಾದಂಬರಿ ಓದಲಾರದವರೂ ಇದಕ್ಕ ಉತ್ತರ ಕೊಡ್ತಾರ, ಅದೇ ಬೇಕಾಗಿದ್ದು. ಮಾತು ಪುಸ್ತಕದಿಂದ ಸುರು ಆಗಿ ಮನಿಗೆ ಬರ್ತದ, ಮನಿಯಿಂದ ತಿರುಗಿ ಪುಸ್ತಕಕ್ಕ ಹೋಗ್ತದ.

ಬರೀಲಿಕ್ಕೆ ಬ್ಯಾಸರ ಅನ್ನೋರು ವಾಯ್ಸ್ ಮೆಸೇಜ್ ಹಾಕ್ಲಿ, ನಮ್ ಕಡಿ ಮಾತಿನ ಸೊಗಸು ಟೈಪ್ ಮಾಡೋದಕ್ಕಿಂತ ಹೇಳೋದ್ರಾಗೇ ಜಾಸ್ತಿ. ಆದ್ರ ಎರಡು ನಿಮಿಷದ ಒಳಗ ಮುಗೀಲಿ, ಮತ್ ಪುಸ್ತಕದ ಹೆಸರು, ಪುಟ ಇವೆರಡು ಟೈಪ್ ಮಾಡಿ ಹಾಕ್ಲಿ, ಯಾಕಂದ್ರ ಧ್ವನಿ ಒಳಗ ಹೇಳಿದ್ದು ಆಮ್ಯಾಲ ಸರ್ಚ್ ಮಾಡಿದ್ರ ಸಿಗಂಗಿಲ್ಲ. ಪುಟದ ಫೋಟೋ ಹಾಕೋದಿದ್ರ ಆ ಒಂದು ಪ್ಯಾರಾ ಸಾಕು.

ಕೇಳೋರ ಕೆಲಸ

ಹೆಬ್ಬೆರಳಿನ ಚಿತ್ರ ಹಾಕಿ ಸುಮ್ನಾಗೋದು ಬ್ಯಾಡ. ಒಬ್ಬರ ಮೆಸೇಜಿಗೆ ಕಮ್ಮಿ ಅಂದ್ರ ಒಬ್ಬರಾದ್ರೂ ಒಂದು ಪ್ರಶ್ನಿ ಕೇಳ್ಬೇಕು, ಇದನ್ನ ನಿಯಮ ಅಂತಲೇ ಇಟ್ಕೋರಿ. "ಆ ಮುದುಕಿ ಈಗ ಎಲ್ಲಿಗೆ ಬಂದ್ಳು?" ಅಂತ ಮುಂದಿನ ವಾರ ನೆನಪಿಟ್ಟು ಕೇಳಿದ್ರ ಓದೋರಿಗೆ ಆಗೋ ಆನಂದ ಬ್ಯಾರೆನೇ, ಎಷ್ಟೋ ಮಂದಿ ಈ ಒಂದು ಪ್ರಶ್ನಿ ಸಲುವಾಗೇ ಪುಸ್ತಕ ತೆರಿತಾರ.

ಪುಟದ ನಂಬರ್ ಯಾಕ ಬೇಕು ಅಂದ್ರ ಅದೇ ಗಡಿ. ಹೇಳಿದವರು 112ರಾಗ ಇದ್ದಾರಂದ್ರ ಆ ಪುಸ್ತಕ ಮೊದಲೇ ಓದಿದವರು 113ರ ಮಾತು ಎತ್ತಂಗಿಲ್ಲ. "ಮುಂದ ಭಾಳ ಮಜಾ ಅದ ನೋಡು" ಅಂತ ಸುದ್ದಾ ಹೇಳಬ್ಯಾಡ್ರಿ, ಅಷ್ಟು ಹೇಳಿದ್ರೂ ಓದೋರು ದಾರಿ ಕಾಯ್ಕೋತ ಕುಂದ್ರತಾರ, ಕೈಯಾಗಿನ ಪುಟ ಸರಿ ಓದಂಗಿಲ್ಲ. ಮುದ್ರಣ ಬ್ಯಾರೆ ಬ್ಯಾರೆ ಇದ್ರ ಪುಟ ಹೊಂದಂಗಿಲ್ಲ, ಮೊಬೈಲಿನಾಗ ಓದೋರಿಗಂತೂ ಅಕ್ಷರ ದೊಡ್ಡದು ಮಾಡಿದ್ರ ಪುಟಾನೇ ಬದಲಾಗ್ತದ, ಅಂಥವರು ಅಧ್ಯಾಯದ ನಂಬರ್ ಹೇಳ್ರಿ.

ಪುಸ್ತಕ ನಡುವ ಬಿಡೋರೂ ಇರ್ತಾರ. "ಬಿಟ್ಟೆ, 60ನೇ ಪುಟ, ಯಾರ ಮ್ಯಾಲೂ ಮನಸು ನಿಲ್ಲಲಿಲ್ಲ" ಅನ್ನೋದೂ ಪೂರಾ ಮೆಸೇಜೇ. ಬಿಟ್ಟವರಿಗೆ ಬುದ್ಧಿ ಹೇಳಬ್ಯಾಡ್ರಿ, ಯಾಕ ಬಿಟ್ರಿ ಅಂತ ಕೇಳ್ರಿ.

ಪರೀಕ್ಷಾಕ್ಕ ಓದೋರು

ನಮ್ ಕಡಿ ಯಾವ್ದೇ ಲೈಬ್ರರಿಗೆ ಹೋಗಿ ನೋಡ್ರಿ, ಮುಂಜಾನಿಂದ ಜಾಗ ಹಿಡಿದು ಕುಂತವರು ಯಾರು? ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ನೇಮಕಾತಿ ಅಂತ ಓದೋ ಹುಡುಗ್ರು ಹುಡುಗ್ಯಾರು. ಟಿಫಿನ್ ಡಬ್ಬಿ, ನೀರಿನ ಬಾಟ್ಲಿ, ನಾಕು ಬಣ್ಣದ ಪೆನ್ನು, ಅಂಚು ಹರಿದ ಗೈಡು. ಇವರಿಗೆ "ನೀವು ಓದ್ತೀರೇನು" ಅಂತ ಕೇಳಿದ್ರ "ಇಲ್ರಿ, ನಮ್ದು ಬರೀ ಪರೀಕ್ಷಾ ಓದು" ಅಂತಾರ. ದಿನಾ ಹತ್ತು ತಾಸು ಓದೋರು ನಾವು ಓದುಗರಲ್ಲ ಅಂತಾರ, ಈ ಮಾತು ಕೇಳಿದ್ರ ನನಗ ಭಾಳ ಕೆಟ್ಟ ಅನಸ್ತದ.

ಇವರನ್ನ ಗ್ರೂಪಿಗೆ ತಗೊಂಡು ಗೈಡಿನಾಗ ಓದಿದ್ದನ್ನೇ ಹೇಳ್ರಿ ಅಂತ ಕೇಳ್ರಿ. ಯಾರರೇ ಸಂವಿಧಾನದ 371ಜೆ ಕಲಮಿನ ಬಗ್ಗೆ ಓದ್ಲತ್ತಿದ್ರ ಅದು ನಮ್ ಏಳು ಜಿಲ್ಲಾದ ಮಂದಿ ನೌಕರಿ, ಸೀಟಿನ ವಿಷಯ, ಎಲ್ಲಾರೂ ಕಿವಿ ಕೊಡ್ತಾರ. ಇನ್ನೊಬ್ಬರು 1948ರ ಸೆಪ್ಟೆಂಬರ್ 17ರ ಬಗ್ಗೆ, ಹೈದರಾಬಾದ್ ಸಂಸ್ಥಾನ ಭಾರತದಾಗ ಸೇರಿದ್ದರ ಬಗ್ಗೆ ಎರಡು ಪುಟ ಓದಿದ್ರಂದ್ರ "ಆವಾಗ ನಿಮ್ ಮನಿ ಹಿರ್ಯಾರು ಎಲ್ಲಿದ್ರು" ಅಂತ ಕೇಳ್ರಿ, ಒಬ್ಬೊಬ್ಬರ ಮನ್ಯಾಗ ಒಂದೊಂದು ಕಥಿ ಹೊರಗ ಬರ್ತದ, ಗೈಡಿನಾಗ ಇರಲಾರದ್ದು. ಹಂಗ ಹೇಳ್ಕೋತ ಅವರಿಗೂ ವಿಷಯ ಗಟ್ಟಿ ಆಗ್ತದ, ಇಂಟರ್‌ವ್ಯೂದಾಗ ಬಾಯಿ ತೆರೀಲಿಕ್ಕೆ ಧೈರ್ಯ ಬರ್ತದ. ಪರೀಕ್ಷಾ ಹತ್ರ ಬಂದಾಗ ಅವರು ತಿಂಗಳಗಟ್ಲೆ ಸುಮ್ಮಿದ್ರೂ ಯಾರೂ ಏನೂ ಅನ್ನಬಾರ್ದು.

ಭಾಷಾ ಬ್ಯಾರೆ ಇದ್ರ

ಕಲಬುರಗಿ ನಗರದಾಗ ಉರ್ದು ಓದೋರು ಬೇಕಾದಷ್ಟ್ ಮಂದಿ ಅದಾರ, ಆಳಂದ, ಬಸವಕಲ್ಯಾಣ, ಔರಾದ್ ಕಡಿ ಮರಾಠಿ, ಸೇಡಂ, ಚಿಂಚೋಳಿ, ಗುರುಮಠಕಲ್ ಕಡಿ ತೆಲುಗು. ಒಂದೇ ಬೆಂಚಿನ ಮ್ಯಾಲ ಕುಂತು ಓದಿದ ದೋಸ್ತರು, ಆದ್ರ ಒಬ್ಬರ ಕಪಾಟಿನಾಗ ಏನದ ಇನ್ನೊಬ್ಬರಿಗೆ ಗೊತ್ತೇ ಇಲ್ಲ. ಇಲ್ಲೇ ಗ್ರೂಪಿನ ಖರೇ ಲಾಭ ಇರೋದು. ನಿಯಮ ಇಷ್ಟೇ ಇರ್ಲಿ: ಯಾವ ಭಾಷಾದಾಗ ಬೇಕಾದ್ರೂ ಓದ್ರಿ, ಹೇಳೋದು ಮಾತ್ರ ನಾವೆಲ್ಲ ಕೂಡಿ ಮಾತಾಡೋ ಮಾತಿನಾಗ ಹೇಳ್ರಿ. ಉರ್ದು ಓದೋ ದೋಸ್ತ ಒಂದು ಶೇರ್ (ಎರಡು ಸಾಲಿನ ಪದ್ಯ) ಹಾಕಿದ್ರ ಮೊದಲ ತಮ್ಮ ದನಿಯಾಗ ಹಂಗೇ ಅಂದು ತೋರಿಸ್ಲಿ, ಆಮ್ಯಾಲ ಕನ್ನಡದಾಗ ಅರ್ಥ ಬಿಡಿಸ್ಲಿ. ಲಿಪಿ ಬರಲಾರದವರಿಗೆ ದನಿ ಸಾಕು. ಪುಸ್ತಕದ ಹೆಸರು ಎಲ್ಲಾರೂ ಓದೋ ಹಂಗ ಕನ್ನಡ ಅಕ್ಷರದಾಗೂ ಒಮ್ಮೆ ಟೈಪ್ ಮಾಡ್ರಿ.

ಓದಲಿಕ್ಕೆ ಬರಲಾರದ ಆಯಿ, ಮುತ್ತ್ಯಾ ಇದ್ರ ಅವರನ್ನೂ ಸೇರಿಸ್ರಿ. ಕಡಕೋಳ ಮಡಿವಾಳಪ್ಪನವರ ತತ್ವಪದ ಭಜನಾದಾಗ ಕೇಳಿ ಬಾಯಿಪಾಠ ಮಾಡಿದವರು ನಮ್ ಹಳ್ಯಾಗ ಇನ್ನೂ ಅದಾರ. ಈ ನಾಡಿನ ಮಂದಿ ಓದು ಕಲೀದಿದ್ರೂ ಕಾವ್ಯ ಬಲ್ಲವರು ಅಂತ 9ನೇ ಶತಮಾನದ ಕವಿರಾಜಮಾರ್ಗದಾಗೇ ಅದ, ಅದು ಹುಟ್ಟಿದ್ದು ರಾಷ್ಟ್ರಕೂಟರ ಆಸ್ಥಾನದಾಗ, ಅವರ ರಾಜಧಾನಿ ನಮ್ಮ ಸೇಡಂ ತಾಲೂಕಿನ ಮಳಖೇಡ. "ಆಯೀ, ಈ ವಾರ ಯಾವ ಪದ ಹಾಡ್ದಿ?" ಅಂತ ಕೇಳಿ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕ್ರಿ. ಅದೂ ಆ ವಾರದ ಓದೇ.

ಪುಸ್ತಕ ಎಲ್ಲಿಂದ ತರ್ಬೇಕು

ನೀವು ಕಟ್ಟೋ ಮನಿ ಟ್ಯಾಕ್ಸಿನ ಜೊತಿ ನೂರಕ್ಕ 6 ರೂಪಾಯಿ ಗ್ರಂಥಾಲಯ ಕರ ಇರ್ತದ, ಅಂದ್ರ ಸರ್ಕಾರಿ ಲೈಬ್ರರಿ ನಿಮ್ಮ ರೊಕ್ಕದಾಗೇ ನಡೀತದ, ಸಂಕೋಚ ಇಲ್ಲದೇ ಹೋಗ್ರಿ. ಗುರುತಿನ ಚೀಟಿ ತೋರಿಸಿ, ಠೇವಣಿ ಎಷ್ಟಂತ ಕೇಳಿ ಮೆಂಬರ್ ಆಗ್ರಿ. ಗ್ರೂಪಿನಾಗ ಇಬ್ಬರು ಮೆಂಬರ್ ಇದ್ರೂ ಉಳಿದವರಿಗೆ ಪುಸ್ತಕ ತಿರುಗ್ತಾವ, ಆದ್ರ ಲೈಬ್ರರಿ ಪುಸ್ತಕ ಯಾರ ಹೆಸರಿನಾಗ ಬಂದದೋ ಅವರ ಕೈಗೇ ತಿರುಗಿ ಬರಬೇಕು. ಹಳ್ಳಿಯವರು ಪಂಚಾಯ್ತಿ ಲೈಬ್ರರಿ ನೋಡ್ರಿ, ಈಗ ಅದಕ್ಕ ಅರಿವು ಕೇಂದ್ರ ಅಂತ ಹೆಸರು.

ಮೊಬೈಲಿನಾಗ ಓದೋರಿಗೆ ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿ ಅದ. ವಚನ ಓದ್ಬೇಕಂದ್ರ ವಚನ ಸಂಚಯ ಅಂತ ಒಂದು ಜಾಲತಾಣ ಅದ, 20 ಸಾವಿರದ ಮ್ಯಾಲ ವಚನ ಅವ, ಒಂದು ಶಬ್ದ ಹಾಕಿ ಅದು ಯಾರ ಯಾರ ವಚನದಾಗ ಬಂದದ ಅಂತ ಹುಡುಕಬಹುದು, ಬಸವಕಲ್ಯಾಣದ ಮಗ್ಗಲಿನವರಾಗಿ ಇದನ್ನ ಒಮ್ಮೆ ತೆರದು ನೋಡಲೇಬೇಕು. ಸುರಪುರ ಕಡಿ ಮುದನೂರಿನವರು ಜೇಡರ ದಾಸಿಮಯ್ಯನ ವಚನದಿಂದ ಸುರು ಮಾಡ್ರಿ, ನಿಮ್ಮೂರವರೇ.

ಪಿಡಿಎಫ್ ಬಗ್ಗೆ ಕಡ್ಡಿ ಮುರ್ದಂಗ ಹೇಳ್ತೀನಿ, ಹೊಸ ಪುಸ್ತಕದ ಪಿಡಿಎಫ್ ಗ್ರೂಪಿಗೆ ಹಾಕಬ್ಯಾಡ್ರಿ. ನಮ್ ದೇಶದ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮ್ಯಾಲೂ 60 ವರ್ಷ ಹಕ್ಕು ಇರ್ತದ. ಕಾಯ್ದೆ ಮಾತು ಬಿಡ್ರಿ, ನಮ್ ಭಾಗದ ಲೇಖಕರ ಪುಸ್ತಕ ಅಚ್ಚಾಗೋದೇ ಸ್ವಲ್ಪ ಪ್ರತಿ, ಅದರಾಗೂ ನಾವೇ ಫಾರ್ವರ್ಡ್ ಮಾಡ್ಕೊಂಡು ಕುಂತ್ರ ಅವರು ಎರಡನೇ ಪುಸ್ತಕ ಹೆಂಗ ತರ್ತಾರ? ನಾಕು ಮಂದಿ ರೊಕ್ಕ ಕೂಡಿಸಿ ಒಂದು ಪ್ರತಿ ತಗೋರಿ, ಸರದಿ ಹಚ್ಚಿ ಓದ್ರಿ.

ಕೊಡೋದು ತಗೋಳೋದು

ಗ್ರೂಪ್ ಸುರು ಆದ ಎರಡನೇ ವಾರಕ್ಕೇ "ಅದು ನನಗೂ ಕೊಡ್ರಿ" ಅನ್ನೋದು ಬರ್ತದ. ಒಂದು ನೂರು ಪುಟದ ನೋಟ್‌ಬುಕ್ ಇಡ್ರಿ, ಮೊಬೈಲಿನಾಗ ಬರ್ಕೊಂಡ್ರ ಯಾರೂ ನೋಡಂಗಿಲ್ಲ. ಪುಸ್ತಕ, ಯಾರದ್ದು, ಯಾರಿಗೆ ಕೊಟ್ಟಿದ್ದು, ತಾರೀಖು, ತಿರುಗಿ ಬಂದಿದ್ದು, ಇಷ್ಟೇ ಕಾಲಮ್ಮು. ಕೊಡೋ ಮುಂದ ಮುಖಪುಟದ ಫೋಟೋ, ಒಳಗಿನ ಸ್ಥಿತಿ ಫೋಟೋ ತೆಗೆದು ಇಬ್ಬರೂ ಇಟ್ಕೋರಿ, ಆಮ್ಯಾಲ "ಇದು ಮೊದಲೇ ಹರದಿತ್ತು" ಅನ್ನೋ ಮಾತೇ ಬರಂಗಿಲ್ಲ. ಗಡುವು ಮೂರು ವಾರ, ಲಗ್ನದ ಸೀಜನ್ ಇದ್ರ ಐದು. ನಮ್ ಕಡಿ ಬಿಸಲಿಗೆ ಅಂಟು ಒಣಗಿ ಪುಸ್ತಕದ ಬೆನ್ನು ಬಿರೀತದ, ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ, ಗಾಡಿ ಡಿಕ್ಕಿ ಒಳಗ ಬ್ಯಾಸಗಿಯಾಗ ಪುಸ್ತಕ ಬಿಡಬ್ಯಾಡ್ರಿ. ಗೆರಿ ಹೊಡ್ಯೋರು ಪೆನ್ಸಿಲ್ ತಗೋರಿ, ಅದೂ ಪುಸ್ತಕದವರನ್ನ ಕೇಳಿ.

ಕಳದು ಹೋದ್ರ ಅದೇ ಪುಸ್ತಕ ತಂದು ಕೊಡಬೇಕು, ಸಿಗದಿದ್ರ ಮಾಲಕರು ಹೇಳಿದ್ದು ಇನ್ನೊಂದು. ಇದನ್ನ ಮೊದಲ ದಿನಾನೇ ಬಾಯಿ ಬಿಟ್ಟು ಮಾತಾಡ್ಕೋರಿ.

ತಿಂಗಳಿಗೊಮ್ಮೆ ಎದುರಾಎದುರು

ಫೋನಿನಾಗ ಎಷ್ಟ್ ಬರದ್ರೂ ಕೂಡಿ ಕುಂದ್ರೋದು ಬೇಕು. ಏಪ್ರಿಲ್, ಮೇ ತಿಂಗಳದಾಗ ಬಿಸಲು 42, 43 ದಾಟ್ತದ, ಸರ್ಕಾರಿ ಆಫೀಸೇ ಮುಂಜಾನಿ 8ಕ್ಕ ಸುರು ಆಗಿ ಮಧ್ಯಾಹ್ನ 1.30ಕ್ಕ ಮುಗೀತಾವ, ಹಂಗಾಗಿ ಆ ಎರಡು ತಿಂಗಳ ಸಂಜಿ 6ರ ಮ್ಯಾಲೇ ಇಡ್ರಿ ಇಲ್ಲಾ ಯಾರದರೇ ಮಾಳಗಿ ಮ್ಯಾಲ ರಾತ್ರಿ. ಉಳಿದ ದಿನದಾಗ ಕಲಬುರಗಿ ಪಬ್ಲಿಕ್ ಗಾರ್ಡನ್ನು, ಅಪ್ಪನ ಕೆರಿ ಕಡಿ, ಯಾರದರೇ ಮನಿ. ಹೆಣ್ಮಕ್ಕಳು ಇರೋ ಗ್ರೂಪ್ ಇದ್ರ ಅವರಿಗೆ ಬಂದು ಹೋಗಲಿಕ್ಕೆ ಯಾವ ಜಾಗ, ಯಾವ ಟೈಮ್ ಸರಿ ಅಂತ ಮೊದಲ ಅವರನ್ನ ಕೇಳ್ರಿ, ಆಮ್ಯಾಲ ಉಳಿದವರು ಹೊಂದ್ಕೋರಿ.

ಒಬ್ಬರಿಗೆ ಐದೈದು ನಿಮಿಷ, ಕೈಯಾಗ ಪುಸ್ತಕ ಹಿಡ್ದು ಹೇಳ್ಬೇಕು, ಆಮ್ಯಾಲ ಯಾರರೇ ಒಬ್ಬರು ಒಂದೆರಡು ಪುಟ ಜೋರಾಗಿ ಓದ್ಬೇಕು. ಗೀತಾ ನಾಗಭೂಷಣ ಅವರ "ಬದುಕು", 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು, ಅದನ್ನ ಕಣ್ಣಿಲೆ ಓದೋದೇ ಬ್ಯಾರೆ, ಕಲಬುರಗಿ ಬಾಯಿಲೆ ಜೋರಾಗಿ ಓದೋದೇ ಬ್ಯಾರೆ, ನಮ್ ಮಾತು ಪುಸ್ತಕದಿಂದ ತಿರುಗಿ ನಮ್ ಕಿವಿಗೇ ಬೀಳ್ತದ. ಸುಸಲಾ, ಮಿರ್ಚಿ, ಚಾ ಓದು ಮುಗದ ಮ್ಯಾಲ ತರ್ರಿ, ಎಣ್ಣಿ ಕೈ ಪುಸ್ತಕಕ್ಕ ಹತ್ತಬಾರ್ದು.

ವರ್ಷದಾಗ ಒಮ್ಮೆ ಪುಸ್ತಕ ಹಿಡ್ಕೊಂಡು ಊರು ನೋಡಾಕ ಹೋಗ್ರಿ. ಯಾರರೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಆತ್ಮಕತಿ, 1877ರಾಗ ಅಚ್ಚಾಗಿದ್ದು, ಓದ್ಲತ್ತಿದ್ರ ಎಲ್ಲಾರೂ ಕೂಡಿ ಸುರಪುರಕ್ಕ ಹೋಗ್ರಿ. 1841ರಾಗ ಅಂವ ಅಲ್ಲಿಗೆ ಬಂದಿದ್ದು, ಅಂವ ಇದ್ದ ಟೇಲರ್ ಮಂಜಿಲ್ ಗುಡ್ಡದ ಮ್ಯಾಲ ಇನ್ನೂ ಅದ, ಅಲ್ಲೇ ಕುಂತು ಆ ಅಧ್ಯಾಯ ಓದ್ರಿ, ಅಂವ ಸುರಪುರದ ಬಗ್ಗೆ ಹೇಳಿದ್ದು ಎಲ್ಲಾ ಒಪ್ಪೋ ಮಾತೇನು ಅಂತ ಜಗಳಾಡ್ರಿ. ಬೀದರಿನವರಿಗೆ ದೂರ ಹೋಗೋ ಜರೂರಿಲ್ಲ, 1472ರಾಗ ಕಟ್ಟಿಸಿದ, ಬಹಮನಿ ಮಂತ್ರಿ ಮಹಮೂದ್ ಗಾವಾನನ ಮದರಸಾ ನಡು ಊರಾಗೇ ಅದ, ಅಲ್ಲಿ ಒಂದು ಕಾಲಕ್ಕ ದೊಡ್ಡ ಪುಸ್ತಕ ಭಂಡಾರನೇ ಇತ್ತು.

ಗ್ರೂಪ್ ತಣ್ಣಗಾದ್ರ

ಆಗೇ ಆಗ್ತದ. ತೊಗರಿ ರಾಶಿ ಟೈಮಿಗೆ, ಶರಣಬಸಪ್ಪನ ಜಾತ್ರಿಗೆ, ಮಕ್ಕಳ ಪರೀಕ್ಷಾಕ್ಕ ಎರಡು ಮೂರು ವಾರ ಯಾರೂ ಬರಿಯಂಗಿಲ್ಲ. "ಯಾಕ ಯಾರೂ ಓದ್ವಲ್ರಿ?" ಅಂತ ಗ್ರೂಪಿನಾಗ ಬೈಬ್ಯಾಡ್ರಿ, ಹಂಗ ಕೇಳಿದ್ರ ಇದ್ದವರೂ ಮುಚ್ಕೊಂತಾರ. "ಈ ವಾರ ಒಂದು ಪುಟನೂ ಓದಿಲ್ಲ, ಪುಸ್ತಕ ದಿಂಬಿನ ಕೆಳಗೇ ಅದ" ಅಂತ ಅಡ್ಮಿನ್ ತಾನೇ ಮೊದಲ ಬರೀಲಿ. ಅದನ್ನ ನೋಡಿ ಇನ್ನೊಬ್ಬರು "ನಂದೂ ಹಂಗೇ" ಅಂತಾರ, ಮೂರನೇದವರು "ನಾ ನಾಕ್ ಪುಟ ಓದ್ದೆ" ಅಂತಾರ. ಭಾಳ ದಿನದಿಂದ ಸುಮ್ಮಿರೋರಿಗೆ ಬ್ಯಾರೆ ಫೋನ್ ಹಚ್ಚಿ ಆರಾಮ ಅದೀರೇನು ಅಂತ ಕೇಳ್ರಿ, ಪುಸ್ತಕದ ಮಾತು ಆಮ್ಯಾಲ. ಎಷ್ಟೋ ಸಲ ಮನ್ಯಾಗ ಏನೋ ಆಗಿರ್ತದ, ನಮಗ ಗೊತ್ತೇ ಇರಂಗಿಲ್ಲ.

ಊರು ಬಿಟ್ಟವರು

ನೌಕರಿಗೆ ಬೆಂಗಳೂರು, ಹೈದರಾಬಾದ್, ಪುಣೆ ಅಂತ ಹೋದವರನ್ನ ಗ್ರೂಪಿನಿಂದ ತೆಗೀಬ್ಯಾಡ್ರಿ. ತಿಂಗಳ ಭೆಟ್ಟಿಗೆ ವಿಡಿಯೋ ಕಾಲ್ ಹಚ್ಚಿ ಫೋನ್ ನಡುವ ನಿಂದ್ರಿಸ್ರಿ. ಪುಸ್ತಕ ಕಳಿಸ್ಲಿಕ್ಕೆ ಅಂಚೆ ಇಲಾಖೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಸುರು ಮಾಡ್ಯಾರ, 300 ಗ್ರಾಮಿನ ತನಕ 20 ರೂಪಾಯಿ, 5 ಕಿಲೋಕ್ಕ 100 ರೂಪಾಯಿ, ಟ್ಯಾಕ್ಸ್ ಬ್ಯಾರೆ. ಎಂಥಾ ಪುಸ್ತಕ ನಡೀತಾವ ಅಂತ ಕೌಂಟರಿನಾಗ ಕೇಳ್ಕೋರಿ, ಟ್ರ್ಯಾಕಿಂಗ್ ನಂಬರ್ ಬರ್ತದ, ಅದರ ಫೋಟೋ ಗ್ರೂಪಿಗೆ ಹಾಕ್ರಿ. ಪುಸ್ತಕದ ಒಳಗ ಒಂದು ಚೀಟಿ ಇಟ್ಟು ನೀವು ಎಲ್ಲೆಲ್ಲಿ ನಿಂತು ಓದಿದ್ರಿ ಆ ಪುಟದ ನಂಬರ್ ಬರ್ದು ಕಳಸ್ರಿ, ಅವರು ಆ ಪುಟಕ್ಕ ಬಂದಾಗ ಒಂದು ಫೋನ್ ಬರ್ತದ.